ಮೂರು ಡೆಸಿಬೆಲ್ ರಾಜಿ ಪಂಚಾಯಿತಿ

ಆಂಪ್ಲಿಫೈಯರ್ ಸುಟ್ಟುಹೋಗಬಹುದಿತ್ತು. ಕರೆಂಟು ಹೋಗಬಹುದಿತ್ತು. (ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಜೆ.ಪಿ. ನಗರ. ಹೋಗದಿದ್ದರೇ ಆಶ್ಚರ್ಯ.) ಹೆಡ್‌ಫೋನಿನ ಮೆತ್ತೆಗೆ ಕೊಬ್ಬರಿ ಎಣ್ಣೆ ಅಂಟಬಹುದಿತ್ತು. ವಾಲ್ಯೂಮ್ ಗುಂಡಿ ಕೈತಪ್ಪಿ ಗಿರ್ರನೆ ತಿರುಗಿ, ಎಪ್ಪತ್ತೈದು ದಾಟಿದ ಕಿವಿಗಳಿಗೆ ಏನಾದರೂ ಆಗಿ, ನಾನು ಇಡೀ ಬಂಧುಬಳಗದ ಮುಂದೆ ಕೈಕಟ್ಟಿ ನಿಲ್ಲಬೇಕಾಗಬಹುದಿತ್ತು. ವೈರು ಕಾಲಿಗೆ ತೊಡರಿ ಒಬ್ಬರು ಬಿದ್ದು, ಇನ್ನೊಬ್ಬರು ನಗಬಹುದಿತ್ತು. ಒಬ್ಬರಿಗೆ ಬಿಪಿ ಏರಬಹುದಿತ್ತು. ಇಬ್ಬರಿಗೂ ಏರಿದರೆ ಒಂದು ಆಟೋ ಸಾಕಾ, ಎರಡು ಬೇಕಾ? (ಎರಡೇ ಬೇಕು. ಅವರಿಬ್ಬರೂ ಒಂದೇ ಆಟೋದಲ್ಲಿ ಕೂರುವುದಿಲ್ಲ.) ಎಲ್ಲಕ್ಕಿಂತ ದೊಡ್ಡದಾಗಿ, ಮೂವತ್ತು ವರ್ಷದ ಜಗಳ ಇನ್ನೂ ಮೂವತ್ತು ವರ್ಷಕ್ಕೆ ರಿನ್ಯೂ ಆಗಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರಾ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳುವ ಧೈರ್ಯ ನನಗಿಲ್ಲ.

ಈ ಅಂಕಣ ಓದುವವರಿಗೆ ನಾನೆಂಥವನು ಅಂತ ಗೊತ್ತು. ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ಅಂತ ನೋಡಲು ಬನಶಂಕರಿ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಬಂದವನು. ಆಫ್ ಆಗಿತ್ತು. ಆಮೇಲೆ ಬೀಗ ಹಾಕಿದ್ದೀನಾ ಅಂತ ನೋಡಲು ಇನ್ನೊಮ್ಮೆ ಬಂದೆ. ಇಂಥವನ ಹೆಗಲಿಗೆ ಬಿದ್ದದ್ದು ರಾಜಿ ಪಂಚಾಯಿತಿ.

ಕಕ್ಷಿದಾರರು ಇಬ್ಬರು. ಒಬ್ಬರು ನನ್ನ ಸೋದರತ್ತೆ, ವಿಶಾಲತ್ತೆ. ಜಯನಗರದಲ್ಲಿ ಐವತ್ತು ವರ್ಷದಿಂದ ಸಂಗೀತ ಪಾಠ ಹೇಳುತ್ತಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಬೀಪ್ ಅಂದರೆ 'ಶ್ರುತಿ ಇಳಿದಿದೆ, ಸರ್ವೀಸ್ ಮಾಡಿಸು' ಅನ್ನುವ ಕಿವಿ ಅವರದು. ಇನ್ನೊಬ್ಬರು ಕಮಲಾ ಆಂಟಿ. ಯಡಿಯೂರು ಕೆರೆಯ ಹತ್ತಿರ ಮನೆ, ಪಿಟೀಲು ವಿದುಷಿ. ಒಂದು ಕಾಲದಲ್ಲಿ ಅತ್ತೆ ಹಾಡಿದರೆ ಪಕ್ಕದಲ್ಲಿ ಕಮಲಾ ಆಂಟಿಯೇ. ಊಟ, ಓಡಾಟ, ಸೀರೆ ಖರೀದಿ, ಎಲ್ಲ ಜೋಡಿ.

ಮೂವತ್ತು ವರ್ಷದ ಹಿಂದೆ ಒಂದು ರಾಮನವಮಿ ಪೆಂಡಾಲಿನಲ್ಲಿ ಈ ಜೋಡಿ ಒಡೆಯಿತು. ಪಾನಕ, ಕೋಸಂಬರಿ, ತುಂಬಿದ ಸಭೆ, ಅತ್ತೆಯ ಮುಂದೆ ಶ್ರುತಿಪೆಟ್ಟಿಗೆ, ಪಕ್ಕದಲ್ಲಿ ಗುರ್‍ರೆನ್ನುವ ಜನರೇಟರು. ಕಛೇರಿಯ ಕೊನೆಯ ಅರ್ಧ ಗಂಟೆ ಹಾಡೊಂದು ಕಡೆ, ಪಿಟೀಲೊಂದು ಕಡೆ. ತೀರಾ ದೂರವಲ್ಲ, ಒಂದು ಕೂದಲೆಳೆಯಷ್ಟು. ಸಂಗೀತದಲ್ಲಿ ಆ ಕೂದಲು ಹಗ್ಗಕ್ಕೆ ಸಮ. ಮಂಗಳ ಮುಗಿದು ಮೈಕ್ ಆಫ್ ಆಗುವ ಮುಂಚೆಯೇ ಅತ್ತೆ "ನೀನು ಶ್ರುತಿ ಬಿಟ್ಟೆ" ಅಂದರು. ಕಮಲಾ ಆಂಟಿ "ಬಿಟ್ಟಿದ್ದು ನೀನು" ಅಂದರು. ಸಭೆಗೆಲ್ಲ ಕೇಳಿಸಿತು. ಅಲ್ಲಿಗೆ ಮುಗಿಯಿತು.

(ನಾನೂ ಅಲ್ಲಿದ್ದೆ. ಇಪ್ಪತ್ತೊಂದರ ಹುಡುಗ, ಹಿಂದೆ ಕೂತು ತಂಬೂರಿ ಮೀಟುತ್ತಿದ್ದೆ. ತಂಬೂರಿಯವನನ್ನು ಯಾರು ಲೆಕ್ಕಕ್ಕಿಡುತ್ತಾರೆ?)

ಅಂದಿನಿಂದ ಇಬ್ಬರೂ ಯಡಿಯೂರು ಕೆರೆ ಸುತ್ತ ಒಂದೇ ಹೊತ್ತಿಗೆ ವಾಕಿಂಗ್ ಮಾಡುತ್ತಾರೆ, ಒಂದೇ ದಿಕ್ಕಿನಲ್ಲಿ, ಅರ್ಧ ಸುತ್ತಿನ ಅಂತರದಲ್ಲಿ. ಎದುರುಬದುರಾದರೆ ಮಾತಾಡಬೇಕಾಗುತ್ತದಲ್ಲ! ಒಬ್ಬರು ಮಂಡಿನೋವೆಂದು ನಿಧಾನ ಮಾಡಿದರೆ ಇನ್ನೊಬ್ಬರೂ ನಿಧಾನ ಮಾಡುತ್ತಾರೆ. ಇಂಥ ಹೊಂದಾಣಿಕೆ ಸ್ನೇಹಿತರಲ್ಲೂ ಕಾಣುವುದಿಲ್ಲ.

ಈಗ ಅತ್ತೆಯ ಶಿಷ್ಯರು ಸೇರಿ ಐವತ್ತು ವರ್ಷದ ಪಾಠಕ್ಕೆ ಸಣ್ಣ ಸಮಾರಂಭ ಇಟ್ಟುಕೊಂಡಿದ್ದಾರೆ. ಅತ್ತೆ ಒಂದು ಗಂಟೆ ಹಾಡಬೇಕು. "ಪಿಟೀಲಿಗೆ ಯಾರು ಮೇಡಂ?" ಅಂತ ಶಿಷ್ಯೆಯೊಬ್ಬಳು ಕೇಳಿದಳಂತೆ.

"ಕಮಲ ಬಂದ್ರೆ ಬರಲಿ. ಆದ್ರೆ ಅವತ್ತು ಶ್ರುತಿ ಬಿಟ್ಟಿದ್ದು ತಾನು ಅಂತ ಒಪ್ಕೊಂಡು ಬರಲಿ. ಇಲ್ದಿದ್ರೆ ಪಿಟೀಲೇ ಬೇಡ."

ಅದೇ ಶಿಷ್ಯೆ ಕಮಲಾ ಆಂಟಿ ಮನೆಗೂ ಹೋದಳು. ಉತ್ತರ ಅಕ್ಷರಶಃ ಅದೇ, ಹೆಸರು ಮಾತ್ರ ಅದಲುಬದಲು.

ಆಗ ಸಿಕ್ಕಿತು ಕ್ಯಾಸೆಟ್ಟು! ಅತ್ತೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ, ಅದೇ ರಾಮನವಮಿಯ ರೆಕಾರ್ಡಿಂಗು. ಶಿಷ್ಯೆ ಅದನ್ನು ಕಂಪ್ಯೂಟರಿಗೆ ಇಳಿಸಿ ನನಗೆ ಕಳಿಸಿದಳು. "ಅಂಕಲ್, ನಿಮ್ಮ ಹತ್ರ ಏನೋ ದೊಡ್ಡ ಹೆಡ್‌ಫೋನ್ ಇದ್ಯಂತಲ್ಲ, ಸ್ವಲ್ಪ ಕ್ಲಿಯರ್ ಮಾಡ್ಕೊಡಿ. ಇಬ್ಬರೂ ಕೇಳಿದ್ರೆ ಗೊತ್ತಾಗುತ್ತೆ ಯಾರದ್ದು ಅಂತ."

ಏನೋ ದೊಡ್ಡ ಹೆಡ್‌ಫೋನ್! ಎರಡು ವರ್ಷದಿಂದ ಈ ಮಾತಿಗೇ ಕಾಯುತ್ತಿದ್ದೆ.

ಮನೆಯಲ್ಲಿ ಆ ಹೆಡ್‌ಫೋನಿಗೆ 'ಎರಡು ಇಡ್ಲಿ ತಟ್ಟೆ' ಅಂತ ಹೆಸರು. ಫೋನಿಗೆ ನೇರ ಚುಚ್ಚಿದರೆ ಕಾಲೆಳೆದುಕೊಂಡು ಹಾಡುತ್ತದೆ. ಅದಕ್ಕೊಂದು ಆಂಪ್ಲಿಫೈಯರ್ ಬೇಕು, ಟಿಫಿನ್ ಡಬ್ಬಿ ಗಾತ್ರದ್ದು, ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳಬಹುದು. ಇಷ್ಟಿದ್ದ ಮೇಲೆ ದಪ್ಪ ಸದ್ದು, ಕೀಚು ಸದ್ದುಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಸರ್ ಯಾಕೆ ಅಂತ ಹೆಂಡತಿ ಸುಮಾ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಒಳ್ಳೆಯ ಹೆಡ್‌ಫೋನಿಗೂ ಒಂದು ಸ್ವಭಾವ ಇರುತ್ತದೆ. ನನ್ನದಕ್ಕೆ ಮೇಲಿನ ಸ್ವರಗಳು ಬಂದರೆ ಸ್ವಲ್ಪ ಚುಚ್ಚುವ ಚಾಳಿ. ಈಕ್ವಲೈಸರ್ ಅಂದರೆ ಇಡೀ ಸಾರಿಗೆ ನೀರು ಬೆರೆಸುವುದಲ್ಲ. ತಟ್ಟೆಯಲ್ಲಿ ಕಣ್ಣಿಗೆ ಬಿದ್ದ ಆ ಒಂದು ಮೆಣಸಿನಕಾಯಿಯನ್ನು ಬೆರಳಲ್ಲಿ ಹಿಡಿದು ಬದಿಗಿಡುವುದು.

ಎರಡು ವಾರ ಕೂತೆ. ಜನರೇಟರಿನ ಗುಂಯ್ ಇರುವುದು ಐವತ್ತು ಹರ್ಟ್ಸ್‌ನಲ್ಲಿ, ಅದರ ಮರಿಗಳು ನೂರು, ನೂರೈವತ್ತರಲ್ಲಿ. ಮೂರೂ ಕಡೆ ಸೂಜಿಯಷ್ಟು ಕಿರಿದಾಗಿ ಕತ್ತರಿಸಿದೆ. ಪೆಂಡಾಲಿನ ಹಾರ್ನ್ ಸ್ಪೀಕರಿನ ಕಿರುಚಾಟವನ್ನು ತಗ್ಗಿಸಿದೆ. ಕೊನೆಗೆ ತಂಬೂರಿಯ ಝೇಂಕಾರ ಇರಬಹುದಾದ ಜಾಗ ಹುಡುಕಿ ಮೂರು ಡೆಸಿಬೆಲ್ ಏರಿಸಿದೆ. ಮೂರೇ ಮೂರು. (ಏರಿಸಿದಷ್ಟೂ ಒಟ್ಟು ಸದ್ದನ್ನು ಇಳಿಸಬೇಕು, ಇಲ್ಲದಿದ್ದರೆ ಒಡೆಯುತ್ತದೆ. ನಾನು ಐದು ಇಳಿಸಿದೆ. ಭಯ ಇರಲಿ.)

ಆಗ ಬಂತು ನೋಡಿ!

ಮೂವತ್ತು ವರ್ಷ ಜನರೇಟರಿನ ಅಡಿಯಲ್ಲಿ ಹೂತುಹೋಗಿದ್ದ ತಂಬೂರಿ ಎದ್ದು ಕೂತಿತು. ಜೇನುಹುಳದ ಹಾಗೆ, ಕಿವಿಯ ಹಿಂದೆ, ಜೀವಂತ. ಓಡಿಹೋಗಿ ಸುಮಾಳನ್ನು ಕರೆದೆ. ಅವಳು ಹಿಟ್ಟಿನ ಕೈಯಲ್ಲೇ ಬಂದು, ಮುಟ್ಟದೆ, ತಲೆ ಮುಂದೆ ಚಾಚಿ ಹಾಕಿಸಿಕೊಂಡಳು. "ರೀ, ಚೆನ್ನಾಗಿದೆ ರೀ!" ಅಂದಳು. ಈ ಹೆಡ್‌ಫೋನಿನ ಬಗ್ಗೆ ಅವಳಾಡಿದ ಮೊದಲ ಒಳ್ಳೆಯ ಮಾತು. ನಾವು ಜಗಳದಲ್ಲಿ ಸಾಮಾನ್ಯವಾಗಿ ಮಾಡುವುದೇನು? ವಾಲ್ಯೂಮ್ ಏರಿಸುತ್ತೇವೆ. ಜನರೇಟರ್ ಇಳಿಸುವ ಯೋಚನೆ ಯಾರಿಗೆ ಬರುತ್ತದೆ?

"ತಪ್ಪು ಯಾರದ್ದು ಅಂತ ಗೊತ್ತಾಯ್ತಾ?" ಸುಮಾ ಕೇಳಿದಳು.

ಇಲ್ಲ. ಎರಡು ವಾರ ನಾನು ಕೇಳಿದ್ದು ಮೊದಲ ತೊಂಬತ್ತು ಸೆಕೆಂಡು ಮಾತ್ರ, ಸುಮಾರು ಮುನ್ನೂರು ಸಲ. ಮುಂದಕ್ಕೆ ಹೋಗಲಿಲ್ಲ. ಮೊದಲೇ ಗೊತ್ತಾದರೆ ನನ್ನ ಮುಖ ಹೇಳಿಬಿಡುತ್ತದೆ ಅನ್ನುವ ಭಯ. ನ್ಯಾಯಾಧೀಶ ನಿಷ್ಪಕ್ಷಪಾತಿ ಆಗಿರಬೇಡವೇ?

ಆ ಭಾನುವಾರ ಇಬ್ಬರೂ ಜೆ.ಪಿ. ನಗರದ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದರು. ಅತ್ತೆಯನ್ನು ನಾನು ಕರೆತಂದೆ, ಕಮಲಾ ಆಂಟಿ ಆಟೋದಲ್ಲಿ ಬಂದರು. ಸೋಫಾದ ಎರಡು ತುದಿ ಹಿಡಿದರು. ನಡುವೆ ದಿಂಬಿನ ಮೇಲೆ ಹೆಡ್‌ಫೋನು.

"ಅವರು ಕಾಫಿಗೆ ಸಕ್ಕರೆ ಹಾಕ್ಕೊಳ್ತಾರಾ ಕೇಳೋ," ಅಂದರು ಅತ್ತೆ.

ಮೂರಡಿ ದೂರದಿಂದ ಕಮಲಾ ಆಂಟಿ: "ಡಾಕ್ಟ್ರು ಬೇಡ ಅಂದಿದಾರೆ ಅಂತ ಅವರಿಗೆ ಹೇಳಪ್ಪ. ನೀನು ಅರ್ಧ ಚಮಚ ಹಾಕು."

ಮೊದಲು ಯಾರು ಕೇಳಬೇಕು?

"ತಪ್ಪು ಮಾಡಿದವರು ಮೊದಲು ಕೇಳಲಿ," ಕಮಲಾ ಆಂಟಿ.

"ಹಾಗಾದ್ರೆ ಅವರಿಗೇ ಹಾಕು," ಅತ್ತೆ.

"ದೊಡ್ಡವರು ಮೊದಲು," ಅಂದಳು ಸುಮಾ. ತಕ್ಷಣ ಇಬ್ಬರೂ ಚಿಕ್ಕವರಾಗಿಬಿಟ್ಟರು. ಹುಟ್ಟಿದ ತಿಂಗಳು, ನಕ್ಷತ್ರ ಎಲ್ಲ ಹೊರಬಂತು. ಅತ್ತೆ ಮೂರು ತಿಂಗಳು ದೊಡ್ಡವರೆಂದು ತೀರ್ಮಾನವಾಯಿತು. ಸುಮಾ ಮೆತ್ತೆಯ ಮೇಲೊಂದು ಕರ್ಚೀಫ್ ಹಾಸಿ ಹೆಡ್‌ಫೋನ್ ತೊಡಿಸಿದಳು. ನಾನು ವಾಲ್ಯೂಮ್ ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅತ್ತೆ ಕಣ್ಣು ಮುಚ್ಚಿದರು. ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು.

"ತಂಬೂರಿ ಕೇಳಿಸ್ತಿದೆ ಕಣೋ!" ಅಂತ ಕಿರುಚಿದರು. (ಹೆಡ್‌ಫೋನ್ ಹಾಕಿಕೊಂಡವರು ನಾವು ಕಿವುಡರೆಂದುಕೊಳ್ಳುತ್ತಾರೆ.) ಜಗಳದ ಜಾಗಕ್ಕೆ ಓಡಿಸಿದೆ. ಅತ್ತೆಯ ಮುಖ ಅರಳಿತು. "ನೋಡು, ನನ್ನ ಷಡ್ಜ ನೋಡು! ಶ್ರುತಿಪೆಟ್ಟಿಗೆಗೆ ಹೇಗೆ ಅಂಟ್ಕೊಂಡಿದೆ! ಹೇಳು ಅವರಿಗೆ!"

ಹಾಗಾದರೆ ತಪ್ಪು ಕಮಲಾ ಆಂಟಿಯದೇ? ಅವರು ಬಾಯಿ ಬಿಗಿದುಕೊಂಡು ಹೆಡ್‌ಫೋನ್ ಹಾಕಿಕೊಂಡರು. ಅದೇ ಜಾಗ ಹಾಕಿದೆ. ಅರ್ಧ ನಿಮಿಷ. ಒಂದು ನಿಮಿಷ. ಎಡಗೈ ಬೆರಳುಗಳು ಮಂಡಿಯ ಮೇಲೆ ಪಿಟೀಲು ನುಡಿಸತೊಡಗಿದವು.

"ನನ್ನ ತಂತೀನೂ ಸರಿಯಾಗೇ ಇದೆ! ತಂಬೂರಿ ಜೊತೆ ಹಾಲಲ್ಲಿ ಕಲ್ಲುಸಕ್ಕರೆ ಕರಗಿದ ಹಾಗೆ ಕರಗಿದೆ!"

ಇಬ್ಬರೂ ಗೆದ್ದರು. ಸೋತವರಿಲ್ಲ. ಇದೆಂಥ ಪಂಚಾಯಿತಿ?

ಕಮಲಾ ಆಂಟಿ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದರು. ನನ್ನನ್ನು ದಾಟಿ, ನೇರವಾಗಿ ಅತ್ತೆಯನ್ನು ನೋಡಿದರು.

"ವಿಶಾಲು, ನೀನು ಯಾವ ಶ್ರುತಿಗೆ ಹಾಡಿದೆ?"

ಅತ್ತೆಗೆ ನನ್ನ ಮೂಲಕ ಮಾತಾಡಬೇಕೆನ್ನುವುದು ಮರೆತೇಹೋಯಿತು. "ಪೆಟ್ಟಿಗೆಗೆ ಕಣೇ. ನನ್ನ ಮುಂದೇ ಇತ್ತಲ್ಲ."

"ನಾನು ತಂಬೂರಿಗೆ. ನನ್ನ ಕಿವಿ ಪಕ್ಕದಲ್ಲೇ ಇತ್ತು. ತನಿ ಮುಗಿದ ಮೇಲೆ ನನ್ನ ತಂತಿ ಏರಿದೆ ಅನ್ನಿಸ್ತು, ಇಳಿಸಿ ಕೂಡಿಸ್ಕೊಂಡೆ."

"ಎರಡೂ ಒಂದೇ ಶ್ರುತಿ ಅಲ್ವೇನೇ?"

"ತನಿಗೆ ಮುಂಚೆ ಒಂದೇ. ತನಿ ಆದ್ಮೇಲೆ ತಂಬೂರಿ ಒಂದು ಕೂದಲು ಇಳಿದಿದೆ. ನೀನೇ ಕೇಳು."

ತನಿ ಅಂದರೆ ಮೃದಂಗದವರು ಒಬ್ಬರೇ ನುಡಿಸುವ ಹೊತ್ತು. ಹಾಡುವವರಿಗೂ ಪಿಟೀಲಿನವರಿಗೂ ವಿಶ್ರಾಂತಿ. ತಂಬೂರಿಯವನಿಗೆ ಮಾತ್ರ ವಿಶ್ರಾಂತಿ ಇಲ್ಲ, ಮೀಟುತ್ತಲೇ ಇರಬೇಕು.

"ತಂಬೂರಿ ಯಾರು ಹಿಡ್ಕೊಂಡಿದ್ರು?" ಕಮಲಾ ಆಂಟಿ ಕೇಳಿದರು.

ನಾನು ಫ್ಯಾನ್ ನೋಡಿದೆ. ಫ್ಯಾನ್ ಚೆನ್ನಾಗಿ ತಿರುಗುತ್ತಿತ್ತು.

"ತನಿ ಹಾಕಪ್ಪ," ಅಂದರು. ಹಾಕಿದೆ. ಕಮಲಾ ಆಂಟಿ ಕೇಳಿದರು, ಹುಬ್ಬೇರಿಸಿದರು, ಅತ್ತೆಗೆ ದಾಟಿಸಿದರು. ಅತ್ತೆ ಕೇಳಿದರು, ನನ್ನನ್ನು ನೋಡಿದರು, ತೆಗೆದು ತಾವೇ ನನ್ನ ತಲೆಗೆ ಹಾಕಿದರು.

ಮೃದಂಗ ಮೆಲ್ಲಗೆ ನಡೆಯುತ್ತಿದೆ. ಹಿಂದೆ ತಂಬೂರಿ. ಇದ್ದಕ್ಕಿದ್ದಂತೆ ಸ್ಟೀಲ್ ಲೋಟದ ಠಣ್. ಆಮೇಲೆ ಇಪ್ಪತ್ತೊಂದು ವರ್ಷದ ನನ್ನದೇ ಧ್ವನಿ, ಕನ್ನಡಿಯಷ್ಟು ಸ್ವಚ್ಛ: "ಅಣ್ಣ, ಇನ್ನೊಂದ್ ಲೋಟ ಸಿಗುತ್ತಾ?" ತಂಬೂರಿಯ ಮರಕ್ಕೆ ಏನೋ ತಗುಲಿದ ಟಕ್. ಅಲ್ಲಿಂದಾಚೆ ತಂಬೂರಿ ಒಂದು ಕೂದಲು ಕೆಳಗೆ.

ಸತ್ಯ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ಎಂಥ ಡೀಟೇಲ್! ಲೋಟ ಸ್ಟೀಲಿನದು ಅಂತ ಗೊತ್ತಾಗುತ್ತಿದೆ! ಬಲಗಡೆಯಿಂದ ಬಂತು ಅಂತಲೂ ಅನ್ನಿಸುತ್ತಿದೆ! ಮೂರು ಡೆಸಿಬೆಲ್‌ಗೆ ಇಷ್ಟು!

ನಾಚಿಕೆ ಎರಡನೆಯದಾಗಿ ಬಂತು. ತಂಬೂರಿಯ ತಂತಿಗೆ ಬುಡದಲ್ಲಿ ಪುಟ್ಟ ಮಣಿ ಇರುತ್ತದೆ. ಅದು ಚೂರು ಸರಿದರೆ ಶ್ರುತಿ ಬದಲಾಗುತ್ತದೆ. ಲೋಟಕ್ಕೆ ಕೈ ಚಾಚಿದಾಗ ತಂಬೂರಿ ವಾಲಿರಬೇಕು, ಜುಬ್ಬಾದ ತೋಳು ಮಣಿಗೆ ತಾಗಿರಬೇಕು. ಇಬ್ಬರು ವಿದುಷಿಯರೂ ಶ್ರುತಿಯಲ್ಲಿಯೇ ಇದ್ದರು. ಇಲ್ಲದವನು ನಾನೊಬ್ಬ.

"ಮೂವತ್ತು ವರ್ಷ ಕಣೋ," ಅಂದರು ಅತ್ತೆ, ಈಗ ಮೆಲ್ಲಗೆ. "ಕೆರೆ ಸುತ್ತ ಒಬ್ಬಳೇ ನಡೆದೆ."

ಕಾಫಿ ತಣ್ಣಗಾಗುತ್ತಿತ್ತು. ಫ್ಯಾನ್ ನೋಡುವ ಧೈರ್ಯವೂ ಉಳಿಯಲಿಲ್ಲ.

ಕಮಲಾ ಆಂಟಿ ನನ್ನ ಕಡೆ ತಿರುಗಿದರು. "ಪಾನಕ ಹೇಗಿತ್ತಪ್ಪ?"

"ಚೆನ್ನಾಗಿತ್ತು ಆಂಟಿ."

ಅತ್ತೆಗೆ ನಗು ತಡೆಯಲಿಲ್ಲ. ಕಮಲಾ ಆಂಟಿಗೂ. ಸೋಫಾದ ಎರಡು ತುದಿ ಯಾವಾಗ ಒಂದೇ ತುದಿಯಾಯಿತೋ ನಾನು ಗಮನಿಸಲಿಲ್ಲ. ಒಬ್ಬರು ಒಂದು ಕಿವಿಗೆ, ಇನ್ನೊಬ್ಬರು ಇನ್ನೊಂದು ಕಿವಿಗೆ ಇಡ್ಲಿ ತಟ್ಟೆ ಒತ್ತಿಕೊಂಡು, ತಲೆಗೆ ತಲೆ ತಾಗಿಸಿ, ಇಡೀ ಕಛೇರಿ ಮೊದಲಿಂದ ಕೇಳಿದರು. "ಈ ಜಾಗ ಎಷ್ಟು ಚೆನ್ನಾಗಿ ನುಡಿಸಿದ್ದೀಯೇ!" "ನೀನು ಹಾಡಿದ್ದಕ್ಕೆ ತಾನೇ!" ಆಂಪ್ಲಿಫೈಯರ್ ಬೆಚ್ಚಗೆ ಕೂತಿತ್ತು. ಊಟವಾದ ಮೇಲೆ ಇಬ್ಬರೂ ಹೊರಟರು, ಒಂದೇ ಆಟೋದಲ್ಲಿ.

ಸಮಾರಂಭದಲ್ಲಿ ಪಿಟೀಲಿಗೆ ಕಮಲಾ ಆಂಟಿ. ತಂಬೂರಿಗೆ ಅತ್ತೆಯ ಶಿಷ್ಯೆ. ನನಗೇನು ಕೆಲಸ ಅಂತ ಕೇಳಿದೆ. "ನೀನು ಪಾನಕ ಹಂಚು," ಅಂದರು ಅತ್ತೆ. "ವೇದಿಕೆ ಕಡೆ ಮಾತ್ರ ಬರಬೇಡ."

ಹೀಗೆ ಎಲ್ಲ ಸುಖಾಂತ. ಕರೆಂಟು ಹೋಗಲಿಲ್ಲ. ಯಾರ ಬಿಪಿಯೂ ಏರಲಿಲ್ಲ. ಯಾರ ಕಾಲಿಗೂ ವೈರು ತೊಡರಲಿಲ್ಲ. ಮೆತ್ತೆಗೆ ಎಣ್ಣೆ ಸಹ ಅಂಟಲಿಲ್ಲ.

ಆದದ್ದು ಒಂದೇ ಎಡವಟ್ಟು: ಮೂವತ್ತು ವರ್ಷದ ಹಿಂದೆ ನಾನು ಎರಡನೇ ಲೋಟ ಪಾನಕ ಕೇಳಿದ್ದೆ.