ಮದರ್‌ಬೋರ್ಡಿಗೆ ವೋಲ್ಟೇಜು ಏರಿಸಿದ ದಿನ

ಮೊನ್ನೆ ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಮೋಟರ್ ವೈಂಡಿಂಗ್ ಅಂಗಡಿಯೊಂದರಿಂದ ಸುಟ್ಟ ವಾರ್ನಿಶ್‌ನ ವಾಸನೆ ಬಂತು. ಮೂಗು ಮುಚ್ಚಿ ದಾಟಬೇಕಾದವನು ನಗುತ್ತಾ ನಿಂತುಬಿಟ್ಟೆ. "ಏನ್ ಬೇಕಾಗಿತ್ರೀ ಸರ?" ಎಂದ ಅಂಗಡಿಯವನು. ಏನಂತ ಹೇಳಲಿ? ಹನುಮೇಶ ನೆನಪಾಗಿದ್ದ. ನಿಮಗೂ ಅವನ ಪರಿಚಯ ಮಾಡಿಸುತ್ತೇನೆ, ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಹರಿದ ಕಡೆಯೆಲ್ಲ ಅದು ನನಗೆ ಒಪ್ಪುವ ತೇಪೆಯನ್ನೇ ಹಾಕುತ್ತದೆ.

ಹನುಮೇಶ ದೇವದುರ್ಗದ ಕಡೆಯವನು. ಮಾನ್ವಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕಸುಬು. ಪಕ್ಕದ ಮಳಿಗೆಯಲ್ಲಿ ಒಂದು ಕಂಪ್ಯೂಟರು ಇಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುತ್ತಿದ್ದವನು ನಾನು. ಅವನ ಅಕ್ಕ ದೇವಮ್ಮನನ್ನು ಜಾಲಹಳ್ಳಿಗೆ ಕೊಟ್ಟಾಗ ಮದುವೆಯ ವಿಡಿಯೋ ತೆಗೆದದ್ದು ಹನುಮೇಶನೇ, ಎರವಲು ಕ್ಯಾಮರಾದಲ್ಲಿ. ಅಕ್ಕನ ಅತ್ತೆ ನಕ್ಕಿದ್ದರು: "ಮೋಟರ್ ಸುತ್ತಾಂವ ವಿಡಿಯೋ ಏನ್ ತೆಗೀತಾನವ್ವಾ?"

"ಪಂಚಮಿಗೆ ನಮ್ಮ ತಮ್ಮನ ಮನಿಗೆ ಬರ್ರಿ ಅತ್ತಿ, ಟಿವಿಯೊಳಗ ತೋರಸ್ತೀನಿ" ಎಂದುಬಿಟ್ಟಳು ಅಕ್ಕ. ಹೊಸ ಸೊಸೆ ಅತ್ತೆಗೆ ಕೊಟ್ಟ ಮೊದಲ ಮಾತು. ಅದನ್ನು ಉಳಿಸುವುದು ನಮ್ಮಿಬ್ಬರ ಕೈಯಲ್ಲಿತ್ತು.

ಪಂಚಮಿ ಬಂದೇಬಿಟ್ಟಿತು. ಬೇಡವಾದದ್ದನ್ನು ಕತ್ತರಿಸಿ, ಹಾಡು ಸೇರಿಸಿ, ಎಲ್ಲವನ್ನೂ ಒಂದೇ ವಿಡಿಯೋ ಆಗಿ ಹೊಸೆಯಲು ಕಂಪ್ಯೂಟರಿಗೆ ಬಿಟ್ಟಿದ್ದೆವು. ಬೀಗರು ಮಧ್ಯಾಹ್ನದ ಬಸ್ಸಿಗೆ ಬರುವವರು. ಕೆಲಸ ಮುಗಿಯುವುದು ಸಂಜೆಗೆ ಎಂದಿತು ಪರದೆ. ಪ್ರೊಸೆಸರಿನ ವೇಗ ಏರಿಸುವ ವಿದ್ಯೆಯನ್ನು ಅರ್ಧಂಬರ್ಧ ಓದಿಕೊಂಡಿದ್ದ ನಾನು ಸೆಟ್ಟಿಂಗಿಗೆ ಹೋಗಿ ವೇಗ ಏರಿಸಿದೆ. ಕಂಪ್ಯೂಟರು ಕಲ್ಲಾಗಿ ನಿಂತಿತು.

"ಇಷ್ಟು ವೇಗಕ್ಕ ವೋಲ್ಟೇಜು ಚೂರು ಹೆಚ್ಚು ಬೇಕು" ಎಂದೆ. ಆ 'ಚೂರು' ಹನುಮೇಶನ ತಲೆಗೆ ಹೋಗಲಿಲ್ಲ. ಪರದೆಯ ಅಂಕಿ ನೋಡಿ ಹೌಹಾರಿದ.

"ಬರೇ ಒಂದೂಕಾಲು? ಇಷ್ಟರಾಗ ಹೆಂಗ್ ನಡೀತದಲೇ? ಪಾಪ, ಸುಟ್ಟು ಹೋಗ್ತದ, ಏರಿಸು!"

ಅವನದು ತಪ್ಪೆನ್ನಲಾರೆ. ನಮ್ಮ ಕಡೆ ವೋಲ್ಟೇಜೆಂಬುದು ಯಾವಾಗಲೂ ಸಾಕಾಗದ ವಸ್ತು. ನಾಟಿಯ ಕಾಲದಲ್ಲಿ ಪಂಪ್‌ಸೆಟ್ಟುಗಳೆಲ್ಲ ಚಾಲೂ ಆದರೆ ಮನೆಯ ಬಲ್ಬು ಮಾಗಿದ ಬಾಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ವೋಲ್ಟೇಜು ಕಡಿಮೆಯಾದಾಗಲೇ ಮೋಟರು ಸುಡುವುದು. ಅವನ ಅಂಗಡಿ ನಡೆಯುತ್ತಿದ್ದದ್ದೇ ಅದರಿಂದ. ಪ್ರೊಸೆಸರಿನ ನ್ಯಾಯ ತಿರುಗುಮುರುಗು ಎಂದು ನಾನಾದರೂ ಹೇಳಬೇಕಿತ್ತು. ಅಲ್ಲಿ ವೋಲ್ಟೇಜು ಒಂದು ಮೆಟ್ಟಿಲು ಏರಿದರೆ ಶಾಖ ಎರಡು ಮೆಟ್ಟಿಲು ಜಿಗಿಯುತ್ತದೆ. ಫ್ಯಾನು ಪ್ರೊಸೆಸರಿಗೆ ಗಾಳಿ ಹಾಕುತ್ತದೆ ನಿಜ, ಆದರೆ ಅದಕ್ಕೆ ಕರೆಂಟು ಹದಮಾಡಿ ಉಣಿಸುವ ಚಿಕ್ಕ ಭಾಗಗಳು ಮದರ್‌ಬೋರ್ಡಿನ ಮೂಲೆಯಲ್ಲಿ ಸುಮ್ಮನೆ ಬೇಯುತ್ತಿರುತ್ತವೆ. ಅಂದು ಸುಡದಿದ್ದರೂ ಒಳಗೊಳಗೇ ಆಯುಷ್ಯ ಸವೆಯುತ್ತದೆ. ಗೊತ್ತಿದ್ದೂ ಸುಮ್ಮನಿದ್ದೆ, ಯಾಕೆಂದರೆ ಮೊದಲ ಸಲ ಏರಿಸಿದಾಗ ಅದು ಓಡಿತ್ತು!

"ಗೂಳಿ ಓಡಿದಂಗ ಓಡಾಕತ್ತದ ನೋಡಲೇ!" ಹನುಮೇಶ ಕುಣಿದ. ಕಂಪ್ಯೂಟರು ನಿಲ್ಲಿಸಿ ಇನ್ನಷ್ಟು ವೇಗ, ಇನ್ನೊಂದು ಪಾಯಿಂಟು ವೋಲ್ಟೇಜು. ಮತ್ತೆ ನಿಲ್ಲಿಸಿ ಇನ್ನೂ ಒಂದು. ಕೊನೆಯ ಸಲ ಒತ್ತಿದ ಬೆರಳು ಅವನದೆಂದು ನಾನು, ನನ್ನದೆಂದು ಅವನು. ಈಗಂತೂ ನನ್ನ ಕಣ್ಣ ಮುಂದೆ ಎರಡೂ ಬೆರಳು ಬರುತ್ತವೆ.

ಫಟ್! ಪರದೆ ಕಪ್ಪಾಯಿತು. ಹೊಗೆಯನ್ನು ಮೂಸಿ ನೋಡಿದ ಹನುಮೇಶ ಡಾಕ್ಟರನ ಗಾಂಭೀರ್ಯದಿಂದ, "ವೈಂಡಿಂಗ್ ಹೋತು" ಎಂದ.

ಹಾರ್ಡ್ ಡಿಸ್ಕು ಉಳಿದಿದ್ದರೂ ಆ ದಿನದ ಮಟ್ಟಿಗೆ ನಿರುಪಯೋಗಿ. ಹನುಮೇಶನ ಮಾನ್ವಿಯ ಮನೆಗೆ ಓಡಿದರೆ ಬೀಗರು ಬಂದು ಟಿವಿಯ ಮುಂದೆ ಕೂತಾಗಿತ್ತು. ಅಕ್ಕ ನಮ್ಮ ಮೋರೆ ನೋಡಿದಳು, ಅವಳದೂ ಬಿಳುಚಿಕೊಂಡಿತು. ಬೇರೆ ದಾರಿಯಿಲ್ಲದೆ ಕ್ಯಾಮರಾವನ್ನೇ ಟಿವಿಗೆ ಸಿಕ್ಕಿಸಿ ಕತ್ತರಿ ಕಾಣದ ಕ್ಯಾಸೆಟ್ಟು ಹಾಕಿದೆವು. ನೆಲ, ಯಾರದೋ ಮೊಣಕೈ, ಮತ್ತೆ ನೆಲ. ಆಮೇಲೆ ಕಂಬದ ಮರೆಯಲ್ಲಿ ಸಾಕ್ಷಾತ್ ಅತ್ತೆ: ಬೀಗತನದ ಬಿಗುಮಾನವನ್ನೆಲ್ಲ ಬದಿಗಿಟ್ಟು ಎರಡೂ ಕೈಯಲ್ಲಿ ಮಿರ್ಚಿ ಭಜಿ!

"ಯವ್ವಾ, ನಾನಽ ಏನಿದು!" ಎಂದು ಅತ್ತೆ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಹಿಂದಕ್ಕ ತಿರುಗಸ್ರೋ, ಇನ್ನೊಮ್ಮಿ ನೋಡೋಣು!" ನಾಲ್ಕು ಸಲ ತಿರುಗಿಸಿದೆವು. "ನಿನ್ನ ತಮ್ಮ ಭಾರಿ ಶಾಣ್ಯಾ ಅದಾನ ಬಿಡವ್ವಾ" ಎಂದರು ಸೊಸೆಗೆ. ಕಂಪ್ಯೂಟರಿನ ವಿಡಿಯೋದಿಂದ ಆ ಭಜಿಯ ದೃಶ್ಯವನ್ನು ನಾವು ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿದ್ದೆವು.

ಮೊನ್ನೆ ರಾಯಚೂರಿನ ಆ ಓಣಿಯಲ್ಲಿ ನಿಂತೇ ಹನುಮೇಶನಿಗೆ ಫೋನು ಮಾಡಿದೆ. ಎತ್ತಿದ್ದು ತವರಿಗೆ ಬಂದಿದ್ದ ದೇವಮ್ಮಕ್ಕ. "ಅಕ್ಕಾ, ಹೊಸ ಕಂಪ್ಯೂಟರ್ ತಗೊಂಡೀನಿ. ಕ್ಯಾಸೆಟ್ ಕಳಸು, ಅರ್ಧ ತಾಸಿನ್ಯಾಗ ಚೆಂದ ಮಾಡಿ ಕೊಡ್ತೀನಿ" ಎಂದೆ.

"ಬ್ಯಾಡೋ ತಮ್ಮಾ" ಎಂದಳು. "ಅದರಾಗ ನಮ್ಮ ಯಪ್ಪ ಬಂದು ಕ್ಯಾಮರಾದೊಳಗ ಹಣಿಕಿ ಹಾಕಿ, 'ಚಾಲೂ ಅದ ಏನಪಾ?' ಅಂತಾನ ನೋಡು. ಅಂವ ತೀರಿಹೋದ ಮ್ಯಾಲೆ ಅದನ್ನಽ ಮೊಬೈಲಿಗೆ ಹಾಕಿಸ್ಕೊಂಡೀನಿ. ನೀವ್ ಚೆಂದ ಮಾಡಿದ್ರ ಮೊದಲು ಅದನ್ನಽ ತೆಗೀತೀರಿ."

ತೆಗೆದಿದ್ದೆವು. ಬೇಡವಾದವುಗಳ ಪಟ್ಟಿಯಲ್ಲಿ ಅದನ್ನು ಬರೆದದ್ದು ನಾನೇ. ಇದೊಂದು ಮಾತ್ರ ನನಗೆ ತೇಪೆಯಿಲ್ಲದೆ ನೆನಪಿದೆ.

"ನೋಡಾಕ ಬರ್ತೀ ಏನು? ಮೂರು ತಾಸು ಅದ. ಉಂಡು ಹೋಗುವಂತಿ" ಎಂದಳು ಅಕ್ಕ. ಮಾನ್ವಿಯ ಬಸ್ಸು ಆಗಲೇ ಹೊರಡುತ್ತಿತ್ತು. ಓಡಿ ಹತ್ತಿಕೊಂಡೆ.