ಪೋಕರ್ ಮಾಸ್ಟ್ರ ಹೆಸರಿಲ್ಲದ ಲೇಖನ

ಕುಂಬ್ರದ ಪೋಕರ್ ಮಾಸ್ಟ್ರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪೋಕರ್ ಎಂದರೆ ಇಸ್ಪೀಟಲ್ಲ, ನಮ್ಮ ಕಡೆ ಬ್ಯಾರಿಗಳ ಹೆಸರು. ನಿವೃತ್ತಿಯಾದ ಮೇಲೆ ಬೇರೆಯವರು ಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಅಂಗಡಿ ಜಗಲಿಯಲ್ಲಿ ಕೂತು ಸರಕಾರ ಬೀಳಿಸುತ್ತಾರೆ. ಇವರು ಪತ್ರಿಕೆ ಶುರು ಮಾಡಿದರು. ಹೆಸರು ‘ಶ್ರೇಢಿ’. ಮೂರು ತಿಂಗಳಿಗೊಮ್ಮೆ ಬರುತ್ತದೆ, ಗಣಿತ ಮತ್ತು ವಿಜ್ಞಾನದ ಲೇಖನ ಬಿಟ್ಟು ಬೇರೇನನ್ನೂ ಹಾಕುವುದಿಲ್ಲ. ಚುಟುಕು ಇಲ್ಲ, ರಾಶಿಫಲ ಇಲ್ಲ, ಸತ್ತವರ ಫೋಟೋ ಕೂಡ ಇಲ್ಲ. ಓದುವವರು ಇನ್ನೂರು ಮಂದಿ ಇದ್ದಾರೆ ಎಂದು ಮಾಸ್ಟ್ರು ಹೇಳುತ್ತಾರೆ. ತರಿಸಿಕೊಳ್ಳುವವರು ಇನ್ನೂರು ಮಂದಿ ಎಂದು ನಾನು ತಿದ್ದುತ್ತೇನೆ.

ತಿದ್ದುವುದು ನನ್ನ ಕೆಲಸವೇ. ನಾನು ಸವಣೂರಿನವಳು, ಜೀವಶಾಸ್ತ್ರ ಕಲಿಸುತ್ತಿದ್ದವಳು. ಶ್ರೇಢಿಯ ಕರಡು ನೋಡಲು ಆಗುತ್ತದಾ ಎಂದು ಮಾಸ್ಟ್ರು ಒಮ್ಮೆ ಕೇಳಿದಾಗ ದಾಕ್ಷಿಣ್ಯಕ್ಕೆ ಹೂಂ ಅಂದೆ, ಇವತ್ತಿನವರೆಗೂ ಬಿಡುಗಡೆ ಸಿಕ್ಕಿಲ್ಲ.

ಮಾಸ್ಟ್ರಿಗೆ ಪತ್ರಿಕೆಗಳ ಚರಿತ್ರೆ ಎಂದರೆ ತಮ್ಮ ಮನೆತನದ ಕಥೆ ಇದ್ದ ಹಾಗೆ. 1665ರಲ್ಲಿ ಮೊದಲು ಪ್ಯಾರಿಸಿನಲ್ಲಿ, ಅದಾಗಿ ಎರಡೇ ತಿಂಗಳಲ್ಲಿ ಲಂಡನ್ನಿನಲ್ಲಿ ವಿದ್ವಾಂಸರ ಪತ್ರಿಕೆ ಹೊರಟ ಸುದ್ದಿಯನ್ನು ಮೊನ್ನೆ ಪುತ್ತೂರು ಪೇಟೆಯಲ್ಲಿ ನಡೆದದ್ದರಂತೆ ಹೇಳುತ್ತಾರೆ. ಲಂಡನ್ನಿನ ಆ ಸಂಪಾದಕನಿಗೆ ಊರೂರುಗಳಿಂದ ಕಾಗದ ಬರುತ್ತಿತ್ತಂತೆ. ಯಾರು ಏನು ಕಂಡುಹಿಡಿದರು ಎಂಬುದನ್ನು ಅವನು ಕೂಡಿಸಿ ಅಚ್ಚು ಹಾಕಿಸುತ್ತಿದ್ದ. ಅದೇ ವರ್ಷ ಪ್ಲೇಗ್ ಬಂದು ಮುದ್ರಣವನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಇನ್ನೆರಡು ವರ್ಷದಲ್ಲಿ, ಈ ಮನುಷ್ಯ ಹೊರದೇಶದವರಿಗೆ ಇಷ್ಟೊಂದು ಕಾಗದ ಯಾಕೆ ಬರೆಯುತ್ತಾನೆ ಎಂಬ ಸಂಶಯದಲ್ಲಿ ಅವನನ್ನು ಹಿಡಿದು ಒಳಗೆ ಹಾಕಿದರು. ಇಷ್ಟು ಹೇಳಿ ಮಾಸ್ಟ್ರು, ನಮಗೆ ಆ ತೊಂದರೆಯಾದರೂ ಇಲ್ಲವಲ್ಲ ಟೀಚರೇ, ಎಂದು ನಗುತ್ತಾರೆ. ನಮ್ಮ ದೇಶದ ಕಥೆಯೂ ಅವರ ಬಾಯಲ್ಲಿದೆ. ನೂರು ವರ್ಷಕ್ಕೂ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿ ಗಣಿತದ ಹುಚ್ಚಿದ್ದ ಒಬ್ಬ ಸರಕಾರಿ ಅಧಿಕಾರಿ ಗೆಳೆಯರನ್ನು ಕೂಡಿಸಿ, ಹೊರದೇಶದ ಪತ್ರಿಕೆಗಳನ್ನು ಎಲ್ಲರೂ ಸೇರಿ ತರಿಸಿ, ಒಬ್ಬರು ಓದಿ ಅಂಚೆಯಲ್ಲಿ ಇನ್ನೊಬ್ಬರಿಗೆ ದಾಟಿಸುವ ಏರ್ಪಾಡು ಮಾಡಿದ್ದರು. ಆ ಗುಂಪೇ ಬೆಳೆದು ತನ್ನದೇ ಪತ್ರಿಕೆ ಹೊರಡಿಸಿತು. ನಮ್ಮ ಜಿಲ್ಲೆಯೂ ಆಗ ಮದ್ರಾಸಿಗೇ ಸೇರಿತ್ತು ಎಂಬುದನ್ನು ಮಾಸ್ಟ್ರು ಸೇರಿಸದೆ ಬಿಡುವವರಲ್ಲ.

ಚರಿತ್ರೆ ಓದಿದವರು ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಇವರು ದೊಡ್ಡ ಪತ್ರಿಕೆಗಳ ನಿಯಮವನ್ನೂ ಕುಂಬ್ರಕ್ಕೆ ತಂದರು. ಯಾವ ಲೇಖನ ಬಂದರೂ ಬರೆದವರ ಹೆಸರು ತೆಗೆದು ಇಬ್ಬರು ಪರೀಕ್ಷಕರಿಗೆ ಕಳಿಸಬೇಕು. ಯಾರದ್ದೆಂದು ಗೊತ್ತಿಲ್ಲದೆ ಓದಿದರೆ ಮಾತ್ರ ನಿಜವಾದ ಅಭಿಪ್ರಾಯ ಸಿಗುತ್ತದೆ ಎಂಬುದು ಲೆಕ್ಕ. ಒಬ್ಬ ಪರೀಕ್ಷಕರು ಸುಳ್ಯದ ಮಹಾಬಲ ಗೌಡರು, ಕಾಲೇಜಿನಲ್ಲಿ ಗಣಿತ ಹೇಳಿದವರು, ಮಾಸ್ಟ್ರ ಹಳೆಯ ಗೆಳೆಯರು. ಇನ್ನೊಬ್ಬರು ಕಡಬದಲ್ಲಿ.

ಲೇಖನ ಹೋಗುವುದು ಬಸ್ಸಿನಲ್ಲಿ. ನಮ್ಮ ಕಡೆ ಮದ್ದು, ಮಲ್ಲಿಗೆ, ಮರೆತುಹೋದ ಕನ್ನಡಕ ಎಲ್ಲವೂ ಹಾಗೆಯೇ ಹೋಗುವುದು. ಕವರನ್ನು ಕಂಡಕ್ಟರನ ಕೈಯಲ್ಲಿ ಕೊಟ್ಟು ಇಂಥ ಅಂಗಡಿಗೆ ಕೊಡು ಅಂದರೆ ಸಾಕು. ಆದರೆ ಕಂಡಕ್ಟರನ ಕೈಯಲ್ಲಿ ಕವರು ಒಂದೇ ಹೋಗುವುದಿಲ್ಲ, ಜೊತೆಗೆ ಸುದ್ದಿಯೂ ಹೋಗುತ್ತದೆ. ಇದು ಕಬಕದ ವಿಜ್ಞಾನದ ಟೀಚರ್ ಬರೆದದ್ದಂತೆ, ಪಾಪ, ಅವರಿಗೆ ಮೊನ್ನೆ ಕಾಲು ಉಳುಕಿತ್ತು, ಎಂಬಲ್ಲಿಯವರೆಗೆ ಸುಳ್ಯ ಬಸ್‌ಸ್ಟ್ಯಾಂಡಿಗೆ ಗೊತ್ತಾಗಿರುತ್ತದೆ. ಕಾಲು ಉಳುಕಿದವರ ಲೇಖನದಲ್ಲಿ ತಪ್ಪು ಹುಡುಕುವಷ್ಟು ಕಲ್ಲುಮನಸ್ಸು ಯಾರಿಗಿದೆ? ಹಾಗಾಗಿ ಪರೀಕ್ಷಕರ ಉತ್ತರ ಯಾವಾಗಲೂ ಒಂದೇ: ‘ಅಡ್ಡಿಲ್ಲ.’ ನಮ್ಮವರು ಊಟಕ್ಕೂ ಅಡ್ಡಿಲ್ಲ ಎನ್ನುತ್ತಾರೆ, ಅಳಿಯನಿಗೂ ಅಡ್ಡಿಲ್ಲ ಎನ್ನುತ್ತಾರೆ. ಶ್ರೇಢಿ ಶುರುವಾದಂದಿನಿಂದ ಒಂದು ಲೇಖನವೂ ತಿರಸ್ಕೃತವಾಗಿರಲಿಲ್ಲ. ಅದು ಲೇಖಕರ ಗುಣಮಟ್ಟ ಎಂದು ಮಾಸ್ಟ್ರು ನಂಬಿದ್ದರು. ನಾನು ನಂಬಿರಲಿಲ್ಲ, ಆದರೆ ಹೇಳಿದರೆ ಅವರು ಕೇಳಬೇಕಲ್ಲ.

ಇಷ್ಟೆಲ್ಲ ಮಾಡಿಯೂ ಮಾಸ್ಟ್ರು ತಾವು ಬರೆದದ್ದನ್ನು ಶ್ರೇಢಿಯಲ್ಲಿ ಒಮ್ಮೆಯೂ ಹಾಕಿರಲಿಲ್ಲ. ಹೊಸದೊಂದನ್ನು ಕಂಡುಹಿಡಿದರೆ ಮಾತ್ರ ಹಾಕುವುದು ಎಂಬ ಹಟ. ಕಳೆದ ಮಳೆಗಾಲ ಮುಗಿಯುವಾಗ ಅದು ಸಿಕ್ಕಿತು ಎಂದರು. ಒಂದನ್ನು ಬಿಟ್ಟು ಯಾವ ಬೆಸ ಸಂಖ್ಯೆಯನ್ನು ತೆಗೆದುಕೊಂಡರೂ ಅದು ಒಂದೋ ಅವಿಭಾಜ್ಯ ಸಂಖ್ಯೆಯಾಗಿರುತ್ತದೆ, ಅಲ್ಲವಾದರೆ ಒಂದು ಅವಿಭಾಜ್ಯಕ್ಕೆ ಯಾವುದಾದರೂ ವರ್ಗದ ಎರಡರಷ್ಟನ್ನು ಕೂಡಿಸಿದಾಗ ಸಿಗುತ್ತದೆ. ಒಂಬತ್ತು ಎಂದರೆ ಏಳು ಮತ್ತು ಒಂದರ ವರ್ಗದ ಎರಡರಷ್ಟು. ಹದಿನೈದು ಎಂದರೆ ಏಳು ಮತ್ತು ಎರಡರ ವರ್ಗದ ಎರಡರಷ್ಟು. ಹೀಗೆ ಐದು ಸಾವಿರದವರೆಗೆ ಕೈಯಲ್ಲೇ ಲೆಕ್ಕ ಹಾಕಿ ನೋಡಿದ್ದರು. ಅಷ್ಟರಲ್ಲಿ ಅವರ ಹೆಂಡತಿ ನೆಬೀಸ, ಐದು ಸಾವಿರ ಸಾಕು, ಇನ್ನು ಗಂಜಿ ಕುಡಿಯಿರಿ, ಎಂದು ಎಬ್ಬಿಸಿದರು. ಗಂಜಿ ಕುಡಿದು ಬಂದು ಎಲ್ಲ ಸಂಖ್ಯೆಗಳಿಗೂ ಇದು ಒಪ್ಪುತ್ತದೆ ಎಂಬುದಕ್ಕೆ ಸಾಧನೆಯೊಂದನ್ನು ಬರೆದು ಮುಗಿಸಿದರು. ಇದನ್ನು ಮೊದಲೇ ಯಾರಾದರೂ ಮಾಡಿದ್ದಾರಾ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದಿರಾ ಎಂದು ಕೇಳಿದೆ. ಇಲ್ಲ ಎಂದರು. ಹುಡುಕಿದರೆ ಸಿಕ್ಕಿಬಿಡುತ್ತದೆ ಎಂಬ ಹೆದರಿಕೆ, ನನಗೆ ಗೊತ್ತಿಲ್ಲವಾ.

ಸಂಪಾದಕನದ್ದೆಂದು ಯಾರಿಗೂ ಗೊತ್ತಾಗಬಾರದು, ನಿಯಮ ತನಗೂ ಒಂದೇ ಎಂದು ಮಾಸ್ಟ್ರು ಗುಟ್ಟಿನ ಏರ್ಪಾಡು ಮಾಡಿದರು. ಲೇಖನವನ್ನು ಪುತ್ತೂರಿನಲ್ಲಿ ಟೈಪ್ ಮಾಡಿಸಿದರು. ಕುಂಬ್ರದಲ್ಲಿ ಬಸ್ಸಿಗೆ ಕೊಟ್ಟರೆ ಗುರುತು ಸಿಗುತ್ತದೆಂದು ಪುತ್ತೂರು ದಾಟಿ ಕಬಕದವರೆಗೆ ಹೋಗಿ, ಅಲ್ಲಿ ಸುಳ್ಯದ ಬಸ್ಸನ್ನು ನಿಲ್ಲಿಸಿ ಕವರು ಕೊಟ್ಟರು. ಆ ಬಸ್ಸು ಕುಂಬ್ರದ ಮೇಲೆಯೇ, ಅವರ ಮನೆಯೆದುರಿನಿಂದಲೇ ಸುಳ್ಯಕ್ಕೆ ಹೋಗುವುದು. ಕಂಡಕ್ಟರ್ ಸೂರಜ್ ಅವರದೇ ಶಿಷ್ಯ. ಸುಳ್ಯದಲ್ಲಿ ಮಹಾಬಲ ಗೌಡರ ಕೈಗೇ ಕವರು ಕೊಟ್ಟು, ಇದು ಮಾಸ್ಟ್ರದ್ದು ಅಂತ ನಿಮಗೆ ಹೇಳಬಾರದು ಅಂತ ಮಾಸ್ಟ್ರು ಹೇಳಿದ್ದಾರೆ, ಎಂದನಂತೆ.

ನಾಲ್ಕನೇ ದಿನ ಗೌಡರ ಉತ್ತರ ಬಂತು. ಈ ಸಲ ಬರೇ ಅಡ್ಡಿಲ್ಲ ಅಲ್ಲ, ಪುಟ ತುಂಬ ಹೊಗಳಿಕೆ. ಇಂಥ ಲೇಖನ ಹೊರದೇಶದ ಪತ್ರಿಕೆಗೆ ಹೋಗಬೇಕಿತ್ತು ಎಂದು ಬರೆದಿದ್ದರು. ಮಾಸ್ಟ್ರು ಅದನ್ನು ಹಿಡಿದುಕೊಂಡು ಬಸ್ಸು ಹತ್ತಿ ನನ್ನ ಮನೆಗೇ ಬಂದರು. ಹೆಸರು ಗೊತ್ತಿಲ್ಲದೆ ಬರೆದದ್ದು ಟೀಚರೇ, ಹೆಸರು ಗೊತ್ತಿಲ್ಲದೆ, ಎಂದು ಮತ್ತೆ ಮತ್ತೆ ಹೇಳಿದರು. ಎಪ್ಪತ್ತನಾಲ್ಕರ ಮನುಷ್ಯ ಅಷ್ಟು ಹಿಗ್ಗಿದ್ದನ್ನು ನಾನು ನೋಡಿರಲಿಲ್ಲ.

ಕಡಬದ ಹಳೆಯ ಪರೀಕ್ಷಕರು ಮಗಳ ಮನೆಗೆಂದು ಮೈಸೂರು ಸೇರಿದ್ದರಿಂದ, ಕಡಬದ ಕಾಲೇಜಿಗೆ ಹೊಸದಾಗಿ ಬಂದಿದ್ದ ಊರ್ಮಿಳಾ ಎಂಬ ಉಪನ್ಯಾಸಕಿಯನ್ನು ಮಾಸ್ಟ್ರು ಒಪ್ಪಿಸಿದ್ದರು. ಕಾರ್ಕಳ ಕಡೆಯ ಹುಡುಗಿ. ಇಲ್ಲಿ ಅವಳಿಗೆ ಯಾರ ಪರಿಚಯವೂ ಇಲ್ಲ, ಕಡಬದ ಬಸ್ಸಿನ ಕಂಡಕ್ಟರನಿಗೂ ಅವಳ ಗುರುತಿಲ್ಲ. ಇನ್ನೊಂದು ಪ್ರತಿಯ ಕವರನ್ನು ಅವನು ಮೆಡಿಕಲ್ಲಿನಲ್ಲಿ ಇಟ್ಟು ಹೋಗಿದ್ದ. ಸುದ್ದಿ ಇಲ್ಲದೆ ಬರೇ ಕವರು ಮಾತ್ರ ತಲುಪಿದ್ದು ಶ್ರೇಢಿಯ ಚರಿತ್ರೆಯಲ್ಲಿ ಅದೇ ಮೊದಲು.

ಅವಳ ಚೀಟಿ ಚಿಕ್ಕದಿತ್ತು. 5777ಕ್ಕೆ ಈ ಮಾತು ನಿಲ್ಲುವುದಿಲ್ಲ, ಸಾಧನೆ ನಾಲ್ಕನೇ ಪುಟದ ಮೂರನೇ ಸಾಲಿನಲ್ಲಿ ಜಾರಿದೆ, ಪ್ರಕಟಿಸಬಾರದು. ಕೆಳಗೆ ಇನ್ನಷ್ಟು. ಇದು 1752ರಲ್ಲಿ ಒಬ್ಬ ಗಣಿತಜ್ಞ ಗೆಳೆಯನಿಗೆ ಕಾಗದದಲ್ಲಿ ಬರೆದ ಮಾತು. ಆ ಗೆಳೆಯ ಎರಡೂವರೆ ಸಾವಿರದವರೆಗೆ ನೋಡಿ ಸರಿಯಿದೆ ಎಂದ. ನೂರು ವರ್ಷದ ಮೇಲೆ ಒಬ್ಬ ಪ್ರೊಫೆಸರ್ ಶಿಷ್ಯರನ್ನು ಕೂರಿಸಿಕೊಂಡು ಒಂಬತ್ತು ಸಾವಿರದವರೆಗೆ ಲೆಕ್ಕ ಮಾಡಿಸಿ, ತಪ್ಪುವ ಎರಡು ಸಂಖ್ಯೆಗಳನ್ನು ಹಿಡಿದು ಫ್ರಾನ್ಸಿನ ಗಣಿತ ಪತ್ರಿಕೆಯಲ್ಲಿ ಹಾಕಿಸಿದ.

ಮಾಸ್ಟ್ರು ಕರೆದರೆಂದು ಕುಂಬ್ರಕ್ಕೆ ಹೋದಾಗ ಅವರು 5777ನ್ನು ತಾವೇ ಲೆಕ್ಕ ಹಾಕಿ ಮುಗಿಸಿದ್ದರು. ಅದು ನಿಲ್ಲಲೇ ಇಲ್ಲ. ಅದಕ್ಕೆ ಅವರು ಕುಗ್ಗಿರಲಿಲ್ಲ. ಮಹಾಬಲ ಇದನ್ನು ಹೇಗೆ ನೋಡಲಿಲ್ಲ ಎಂಬುದೇ ಅವರಿಗೆ ಆಶ್ಚರ್ಯ. ನನ್ನೆದುರೇ ಸುಳ್ಯಕ್ಕೆ ಫೋನ್ ಮಾಡಿದರು. ಗೌಡರು ಪಾಪದವರು, ಸುಳ್ಳು ಹೇಳಲು ಬಾರದು.

“ನಿಮ್ಮ ಲೆಕ್ಕವನ್ನು ನಾನು ಪರೀಕ್ಷೆ ಮಾಡುದಾ ಮಾಸ್ಟ್ರೆ? ನೀವು ಬರೆದದ್ದು ಅಂತ ಸೂರಜ್ ಹೇಳಿದ ಮೇಲೆ ಎಂತ ನೋಡುದು ಅದರಲ್ಲಿ?”

ಹಾಗಾದರೆ ಬೇರೆಯವರ ಲೇಖನಗಳು, ಎಂದು ಮಾಸ್ಟ್ರು ಕೇಳಿದರು. ಅವೂ ಹಾಗೆಯೇ, ಎಲ್ಲರೂ ಗುರುತಿನವರೇ ಅಲ್ಲವಾ, ಎಂದರು ಗೌಡರು.

ಮಾಸ್ಟ್ರು ಫೋನ್ ಇಟ್ಟರು. ಆಮೇಲೆ ಶ್ರೇಢಿಯನ್ನು ಈ ಸಂಚಿಕೆಗೆ ನಿಲ್ಲಿಸುತ್ತೇನೆ ಎಂದರು. ಇಷ್ಟು ವರ್ಷ ಒಬ್ಬರೂ ಓದಲಿಲ್ಲ, ನಾನು ಪತ್ರಿಕೆ ನಡೆಸಿದ್ದಲ್ಲ, ಬಸ್ಸಿನಲ್ಲಿ ಕಾಗದ ತಿರುಗಿಸಿದ್ದು, ಎಂದರು. ಬೇರೆಯವರ ಸಂಕಟ ನೋಡಿದರೆ ನನಗೆ ಸಿಟ್ಟು ಬರುವುದು. ಓದಿದವಳು ಒಬ್ಬಳಿದ್ದಾಳಲ್ಲ, ಅವಳಿಗೆ ಒಂದು ಮಾತು ಹೇಳುವ ಸೌಜನ್ಯ ಬೇಡವಾ, ಎಂದು ಗದರಿದೆ. ಒಳಗಿನಿಂದ ನೆಬೀಸ ಬಂದು ಫೋನನ್ನು ಅವರ ಕೈಗೆ ಕೊಟ್ಟು, ಮಾತು ತನಗೂ ಕೇಳುವಂತೆ ಸ್ಪೀಕರ್ ಒತ್ತಿ ನಿಂತರು.

ಚೀಟಿ ಸಿಕ್ಕಿತು, ನೀವು ಹೇಳಿದ್ದು ಸರಿ, ಲೇಖನ ಹಾಕುವುದಿಲ್ಲ ಎಂದು ಮಾಸ್ಟ್ರು ಹೇಳಿದರು. ಊರ್ಮಿಳಾ ಗಾಬರಿಯಾದಳು. ಚೀಟಿಯಲ್ಲಿ ತಪ್ಪನ್ನಷ್ಟೇ ಬರೆದೆ, ಒಳ್ಳೆಯದನ್ನು ಬರೆಯಲೇ ಇಲ್ಲ, ಬರೆದವರಿಗೆ ಬೇಸರವಾಯಿತೇನೋ ಎಂದಳು. ಲೇಖನದ ಎರಡನೇ ಪುಟದಲ್ಲಿ ಒಂದು ಉಪಾಯವಿತ್ತು: ಸಂಖ್ಯೆಯ ಅಂಕಿಗಳನ್ನು ಕೂಡಿಸಿ ಮೂರರಿಂದ ಭಾಗಿಸಿದಾಗ ಎರಡು ಉಳಿದರೆ, ಮೂರರ ಮಗ್ಗಿಯ ಸಂಖ್ಯೆಗಳನ್ನು ಬಿಟ್ಟು ಬೇರೆ ಯಾವುದರ ವರ್ಗವನ್ನೂ ನೋಡುವುದೇ ಬೇಡ. ಒಂದೆರಡು ಕಡೆ ಬಿಟ್ಟರೆ ಕೆಲಸ ಮೂರರಲ್ಲಿ ಒಂದು ಪಾಲಾಗುತ್ತದೆ. ಹಾಗೆಯೇ ಐದಕ್ಕೆ, ಏಳಕ್ಕೆ ಬೇರೆ ಬೇರೆ ಜರಡಿ. ಐದು ಸಾವಿರದಾಚೆ ತಾನು ಹೋದದ್ದು ಅದೇ ಜರಡಿ ಹಿಡಿದು, 5777 ಸಿಕ್ಕಿದ್ದು ಅದರಿಂದಲೇ, ಇಂಟರ್ನೆಟ್ ನೋಡಿದ್ದು ಆಮೇಲೆ, ಎಂದಳು.

“ಸರ್, ಆ ಎರಡನೇ ಪುಟವನ್ನು ನಾನು ಮೂರು ಸಲ ಓದಿದೆ. ಅಷ್ಟು ಚಂದ ಉಂಟು. ಬರೆದವರ ಜೊತೆ ಕೂತು ಅದನ್ನು ಮುಂದುವರಿಸಬೇಕು ಅಂತ ಆಸೆ. ಅವರು ಯಾರು ಅಂತ ಕೇಳಬಹುದಾ?”

ಮಾಸ್ಟ್ರು ನನ್ನ ಮುಖ ನೋಡಿದರು, ನೆಬೀಸರ ಮುಖ ನೋಡಿದರು. ಮಾಸ್ಟ್ರ ಕಣ್ಣು ತುಂಬಿತ್ತು, ಅದನ್ನು ಅಡಗಿಸುವ ಪ್ರಯತ್ನವನ್ನೂ ಅವರು ಮಾಡಲಿಲ್ಲ.

“ಹೆಸರು ಹೇಳ್ಲಿಕ್ಕೆ ಆಗುದಿಲ್ಲ ಮಗಾ, ಪತ್ರಿಕೆಯ ನಿಯಮ ಉಂಟು,” ಎಂದರು. “ಆದರೆ ಅವರು ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಡಬಕ್ಕೆ ಬರ್ತಾರೆ.”