ಮೇವಿನ ಖರ್ಚು: ಸೊನ್ನೆ

ನಾನು ಓದು ನಿಲ್ಲಿಸಿದ್ದು 1999ರಲ್ಲಿ. ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮೂರಿನ ಕನ್ನಡ ಶಾಲೆ ಏಳನೆಯ ತರಗತಿಗೆ ಮುಗಿಯುತ್ತಿತ್ತು. ಮುಂದಿನದಕ್ಕೆ ಮಕ್ತಲಿಗೆ ಹೋದರೆ ನನಗೆ ಸಿಕ್ಕ ಶಾಲೆಯಲ್ಲಿ ಎಲ್ಲವೂ ತೆಲುಗು. ಅಲ್ಲಿಯ ಹೆಡ್‌ಮಾಸ್ತರರು ನನ್ನಿಂದ ಅರ್ಧ ಪುಟ ಓದಿಸಿ ನೋಡಿ, ಹುಡುಗ ಚುರುಕಾಗಿದ್ದಾನೆ, ಒಂದು ವರ್ಷ ಆರನೆಯದರಲ್ಲಿ ಕೂರಲಿ, ಅಕ್ಷರ ಹತ್ತುತ್ತದೆ ಎಂದರು. ಏಳು ಪಾಸಾದವನು ಆರಕ್ಕೆ ಕೂರುವುದೇ? ಹೋದ ದಾರಿಯಲ್ಲೇ ನಡೆದು ವಾಪಸು ಬಂದೆ. ಅಪ್ಪ ಮರುದಿನ ಕೈಗೊಂದು ಕೋಲು ಕೊಟ್ಟ. ಬಡತನದಿಂದ ಶಾಲೆ ತಪ್ಪಿತು ಎಂದು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ. ಮರುಗಿ ಚಹಾ ಕುಡಿಸಿದವರೂ ಇದ್ದಾರೆ. ಆಗ ನಮ್ಮ ಹಟ್ಟಿಯಲ್ಲಿ ನೂರಕ್ಕೂ ಮೇಲೆ ಕುರಿಗಳಿದ್ದವು.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕುರಿಗಳ ಹಿಂದೆ ನಡೆದೆ. ಕೆಲಸದಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವುದಿಲ್ಲ. ಸುಗ್ಗಿ ಮುಗಿದರೆ ನಾರ್ವದ ಕಡೆಯಿಂದ ಹೊರಟು, ಕೃಷ್ಣಾ ಹೊಳೆ ದಾಟಿ, ಗದ್ವಾಲದ ಆಚೆ ಮಲ್ದಕಲ್‌ವರೆಗೆ ಹೋಗುತ್ತಿದ್ದೆವು. ರಾತ್ರಿ ರೈತರ ಹೊಲದಲ್ಲಿ ಮಂದೆ ಹಾಕಿದರೆ ಗೊಬ್ಬರ ಅವರಿಗೆ, ಜೋಳ ನಮಗೆ. ಆಮೇಲೆ ಕಾಲುವೆಗಳಲ್ಲಿ ನೀರು ಬಂತು. ರೈತರಿಗೆ ಒಳ್ಳೆಯದಾಯಿತು, ನಾನು ಬೇಡ ಅನ್ನುವುದಿಲ್ಲ. ಆದರೆ ಒಂದು ಬೆಳೆ ತೆಗೆಯುವ ಹೊಲ ಎರಡು ಬೆಳೆ ತೆಗೆಯತೊಡಗಿತು, ಎಲ್ಲಿ ನೋಡಿದರೂ ಭತ್ತ, ಹತ್ತಿ, ಮೆಣಸಿನಕಾಯಿ. ಕುರಿ ಕಾಲಿಡಲು ಖಾಲಿ ಹೊಲ ಸಿಗಬೇಕಾದರೆ ಇನ್ನೂ ದೂರ, ಇನ್ನೂ ದೂರ. ಕೊನೆಕೊನೆಗೆ ವರ್ಷದಲ್ಲಿ ಎಂಟು ತಿಂಗಳು ನಾನು ಮನೆಯಲ್ಲಿರುತ್ತಿರಲಿಲ್ಲ. ಬಂದಾಗ ಚಿಕ್ಕ ಮಗಳು ನೆಂಟರನ್ನು ನೋಡುವ ಹಾಗೆ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು.

ಒಂದು ಸಲ ಹಾಗೆ ಬಂದಾಗ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ಹೇಳಿದಳು: “ನಡದದ್ದು ಸಾಕ್ರಿ ಇನ್ನ. ಎಮ್ಮಿ ಕಟ್ಟೋಣ. ಮನ್ಯಾಗ ಇರ್ರಿ.”

ಕುರಿ ಮಾರಿದೆವು. ಅಪ್ಪ ಕೆಲವನ್ನು ತಬ್ಬಿಕೊಂಡಂತೆ ಉಳಿಸಿಕೊಂಡ. ಆ ದುಡ್ಡು ನಮ್ಮ ಪಾಲಿನ ಬಂಡವಾಳ, ಮಿಕ್ಕದ್ದು ಬ್ಯಾಂಕಿನ ಸಾಲ. ಸಾಲ ನನ್ನ ಹೆಸರಿಗೆ ಸಿಗುತ್ತದೆ ಎಂದು ನಾನು ಹೊಸ ಅಂಗಿ ಹೊಲಿಸಿದ್ದೆ. ಆದರೆ ಬ್ಯಾಂಕಿನವರಿಗೆ ನಂಬಿಕೆ ಇದ್ದದ್ದು ಮಹಿಳಾ ಸಂಘದ ಮೇಲೆ, ಮತ್ತು ಸಂಘದಲ್ಲಿ ಇದ್ದದ್ದು ನನ್ನ ಹೆಂಡತಿ. ಎಲ್ಲ ಕಾಗದದ ಮೇಲೂ ಅವಳ ಸಹಿ. ನಾನು ಎಲ್ಲ ಕಡೆಯೂ ‘ಅರ್ಜಿದಾರಳ ಗಂಡ’. ಹೊಸ ಅಂಗಿ ಪಕ್ಕದಲ್ಲಿ ಕೂರುವುದಕ್ಕಷ್ಟೇ ಆಯಿತು.

ಆದರೆ ಯೋಜನೆ ನನ್ನದೇ. ಮಕ್ತಲಿನ ಜೆರಾಕ್ಸ್ ಅಂಗಡಿಯವನ ಪಕ್ಕದಲ್ಲಿ ನಿಂತು ಬಾಯಿಂದ ಹೇಳಿ ತೆಲುಗಿನಲ್ಲಿ ಬರೆಸಿದೆ. ನಾಲ್ಕು ಎಮ್ಮೆ, ತಗಡಿನ ಕೊಟ್ಟಿಗೆ, ಹಾಲಿನ ಕ್ಯಾನು, ಡಾಕ್ಟರರ ಖರ್ಚು. ಮೇವಿನ ಖರ್ಚು ಎಂಬ ಸಾಲಿಗೆ ಬಂದಾಗ ಸೊನ್ನೆ ಹಾಕು ಎಂದೆ. ಅವನು ನನ್ನ ಮುಖ ನೋಡಿದ. ಹಾಕಪ್ಪ ಎಂದೆ.

ಸಂಘದ ಮನೆಗೆ ಬಂದ ಬ್ಯಾಂಕಿನ ಫೀಲ್ಡ್ ಆಫೀಸರು ಕೂಡ ಆ ಸೊನ್ನೆಗೇ ಬಂದು ನಿಂತರು. ತೆಲುಗಿನ ಯುವಕ, ನಮ್ಮ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು. “ಮೇತ ಖರ್ಚು ಏದಯ್ಯಾ?” ಎಂದು ಕೇಳಿದರು. ಮೇವಿನ ಲೆಕ್ಕ ಎಲ್ಲಿ ಅಂತ.

“ಸಾರ್, ನಾವು ಕುರುಬರು, ಹಾಲುಮತದವರು,” ಎಂದೆ. “ನಮಗ ಮೇಯ್ಸಾಕ ಯಾರೂ ಕಲಿಸಬೇಕಾಗಿಲ್ಲ. ಅವಕ್ಕ ಬಾಯಿ ಐತಿ, ಊರ ಸುತ್ತ ಭೂಮಿ ಐತಿ, ಹೊಡಕೊಂಡ್ ಹೋಗಾಂವ ನಾ ಅದೀನಿ. ಸೊನ್ನೀನ ಇರ್ಲಿ.”

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ನೋಡಿದರು. ಅವಳು, ಇವರು ಹೇಳಿದಂಗ ಬರ್ಕೊಳ್ರಿ ಎಂದಳು. ಅದು ನನ್ನ ಮೇಲಿನ ಗೌರವ ಎಂದು ತಿಳಿದು ಮೀಸೆ ಮುಟ್ಟಿಕೊಂಡೆ. ಅವಳ ದನಿಯನ್ನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಟ್ಟಿಕೊಳ್ಳುತ್ತಿರಲಿಲ್ಲ.

ಅವರ ಕರಾರು ಹೀಗಿತ್ತು. ಮೊದಲು ಎರಡು ಎಮ್ಮೆಗೆ ದುಡ್ಡು. ಆರು ತಿಂಗಳ ಮೇಲೆ ಬಂದು ಹಾಲು ನೋಡುತ್ತಾರೆ. ಹಾಲು ಇದ್ದರೆ ಇನ್ನೆರಡು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಎರಡು ಎಮ್ಮೆಯ ಹಾಲು ಕಂತು ಕಟ್ಟಲು ಸಾಕಾಗುತ್ತದೆಯೇ ಹೊರತು ಮನೆ ನಡೆಯುವುದಿಲ್ಲ. ಆಗ ನಾನು ಮತ್ತೆ ಕೋಲು ಹಿಡಿಯಬೇಕು, ಅದೂ ಬೇರೆಯವರ ಕುರಿಯ ಹಿಂದೆ, ಸಂಬಳಕ್ಕೆ. ನಾರಾಯಣಪೇಟೆ ಕಡೆಯ ದೊಡ್ಡ ಹಟ್ಟಿಯ ಸಾಹುಕಾರರೊಬ್ಬರು ಆಗಲೇ ಒಂದು ಸಲ ಫೋನು ಮಾಡಿಸಿದ್ದರು.

ಎಮ್ಮೆ ಕೊಳ್ಳಲು ಮಾನೋಪಾಡಿನ ಒಬ್ಬ ರೈತರ ಮನೆಗೆ ಹೋದೆವು. ನಾನು ನನಗೆ ಗೊತ್ತಿದ್ದ ಪರೀಕ್ಷೆಯನ್ನೇ ಮಾಡಿದೆ. ಸೊಂಟದ ಮೇಲೆ ಬೆರಳು ಒತ್ತಿ ಮಾಂಸ ಎಷ್ಟಿದೆ ಎಂದು ನೋಡಿದೆ, ಕುರಿಗೆ ನೋಡುವ ಹಾಗೆ. ಮನೆಯೊಡತಿ ಒಲೆಯ ಮುಂದಿನಿಂದ ಎದ್ದು ಬಂದಳು.

“ಯಣ್ಣಾ, ಕರಿಯಾಕ ಒಯ್ತೀಯೋ, ಕೊಯ್ಯಾಕ ಒಯ್ತೀಯೋ? ಮೊದಲ ಹೇಳಿಬಿಡು.”

ನನ್ನ ಹೆಂಡತಿ ಅಷ್ಟರಲ್ಲಿ ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಾಲ್ಕು ಮೊಲೆಯನ್ನೂ ಕರೆದು, ಹಾಲಿನ ಧಾರೆ ನೋಡಿ, ಕರುವಿನ ಮೈ ತಡವಿ ಆಗಿತ್ತು. ಎರಡನ್ನೂ ಅವಳೇ ಆರಿಸಿದಳು. ಊರಲ್ಲಿ ಕೇಳಿದವರಿಗೆ ನಾನು ಆರಿಸಿದೆ ಎಂದೆ.

ಮೊದಲ ವಾರಗಳಲ್ಲಿ ಕ್ಯಾನು ಕುತ್ತಿಗೆಯವರೆಗೆ ತುಂಬುತ್ತಿತ್ತು. ನಾನು ಅದನ್ನು ಹಾಲಿನ ಕೇಂದ್ರಕ್ಕೆ ಹತ್ತಿರದ ದಾರಿ ಬಿಟ್ಟು ಊರ ನಡುವಿನ ದಾರಿಯಲ್ಲಿ ಒಯ್ಯುತ್ತಿದ್ದೆ. ಆಮೇಲೆ ಕಂಬಳಿ ಹೆಗಲಿಗೆ ಹಾಕಿ, ರೊಟ್ಟಿ ಕಟ್ಟಿಕೊಂಡು, ಎಮ್ಮೆಗಳನ್ನು ಹೊಡೆದುಕೊಂಡು ಹೊರಟೆ. ನಾರ್ವದ ಕಡೆ ಒಂದು ಕೆರೆಯಂಗಳದಲ್ಲಿ ಹಸಿರು ಇರುತ್ತಿತ್ತು. ದೂರ ಅನ್ನಿ. ಆದರೆ ಕುರಿಗಳಿಗೆ ಅದು ಬೆಳಗಿನ ನಡಿಗೆ.

ಕುರಿ ಒಂದು ಹೋದರೆ ಎಲ್ಲವೂ ಹೋಗುತ್ತವೆ. ಎಮ್ಮೆಗಳು ಎರಡೇ ಇದ್ದರೂ ಎರಡು ಊರಿನ ದಾರಿ ಹಿಡಿಯುತ್ತವೆ. ಒಂದು ಕಾಲುವೆಗೆ ಇಳಿದು ಮೂಗು ಮಾತ್ರ ಮೇಲಿಟ್ಟು ಕೂತರೆ, ಇನ್ನೊಂದು ಯಾರದೋ ಭತ್ತದ ಗದ್ದೆ ನೋಡಿಕೊಂಡು ಬರಲು ಹೋಗುತ್ತಿತ್ತು. ಗದ್ದೆಯವನು ನನ್ನ ಮನೆತನವನ್ನೆಲ್ಲ ತೆಲುಗಿನಲ್ಲಿ ಬೈಯುತ್ತಿದ್ದ. ಆ ಬೈಗುಳಗಳಿಂದಲೇ ನನ್ನ ತೆಲುಗು ಸುಧಾರಿಸಿತು. ನಾನು ನಾಲಿಗೆ ಮಡಿಸಿ ಕುರಿ ಕರೆಯುವ ಕೂಗು ಹಾಕಿದರೆ, ನೀರೊಳಗಿನದು ಒಂದು ಕಿವಿ ಆಡಿಸಿ ಕಣ್ಣು ಮುಚ್ಚುತ್ತಿತ್ತು. ಬಿಸಿಲಲ್ಲಿ ಆ ಕಪ್ಪು ಮೈ ಏದುಸಿರು ಬಿಡುತ್ತಿದ್ದರೆ, ಮೊದಮೊದಲು ಹಾಗೇ, ನಡೆದು ನಡೆದು ರೂಢಿಯಾಗುತ್ತದೆ ಎಂದು ಅವಕ್ಕೇ ಸಮಾಧಾನ ಹೇಳುತ್ತಿದ್ದೆ.

ಹಾಲು ಇಳಿಯತೊಡಗಿತು. ಮೊದಲು ಕುತ್ತಿಗೆಯಿಂದ ಹೊಟ್ಟೆಗೆ, ಆಮೇಲೆ ಹೊಟ್ಟೆಯಿಂದ ತಳಕ್ಕೆ. ಹಾಲಿನ ಕೇಂದ್ರದವನು, ಉಳಿದದ್ದನ್ನು ಮನೆಯವರೇ ಕುಡಿಯುತ್ತೀರಾ ಎಂದು ಕೇಳಿದ. ಕ್ಯಾನು ಒಯ್ಯಲು ನಾನು ಊರ ಹೊರಗಿನ ದಾರಿ ಹಿಡಿದೆ.

ಕಾರಣ ಹುಡುಕುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಕರು ಹೆಚ್ಚು ಕುಡಿಯುತ್ತದೆ ಎಂದೆ. ದೃಷ್ಟಿ ತಗುಲಿದೆ ಎಂದು ಕೊಟ್ಟಿಗೆಗೆ ಹಳೆಯ ಚಪ್ಪಲಿ ಕಟ್ಟಿದೆ. ಮೈಲಾರನ ಭಂಡಾರ ತಂದು ಎರಡರ ಹಣೆಗೂ ಹಚ್ಚಿದೆ, ಕರಿ ಹಣೆಯ ಮೇಲೆ ಅರಿಶಿನ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ, ನಿನ್ನ ಕೈ ಬಿರುಸಾಗಿದೆ, ಅದಕ್ಕೇ ಅದು ಹಾಲು ಬಿಡುತ್ತಿಲ್ಲ ಎಂದು ಹೆಂಡತಿಗೇ ಹೇಳಿದೆ. ಅವಳು ತಂಬಿಗೆ ನನ್ನ ಮುಂದಿಟ್ಟು ಎದ್ದು ಹೋದಳು. ನಾನು ಕೂತೆ. ಎಮ್ಮೆ ತಿರುಗಿ ನನ್ನನ್ನು ಒಂದು ಸಲ ನೋಡಿತು, ಆಮೇಲೆ ತಂಬಿಗೆಯನ್ನು ಒದ್ದಿತು. ನನ್ನನ್ನು ಒದೆಯಲಿಲ್ಲ, ಅಷ್ಟು ಮರ್ಯಾದೆ ಇಟ್ಟುಕೊಂಡಿತ್ತು.

ಅಪ್ಪ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ. “ಲೇ ತಮ್ಮಾ,” ಎಂದ. “ಅವಕ್ಕ ಊರು ತೋರ್ಸಾಕ ತಂದೀಯೋ, ಹಾಲು ಕರಿಯಾಕ ತಂದೀಯೋ?”

ಅಪ್ಪ ನಡೆದ ದಾರಿಯಲ್ಲೇ ನಾನೂ ನಡೆಯುತ್ತಿರುವುದು ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ತಾನು ಕುರಿಯ ಹಿಂದೆ ನಡೆದದ್ದು ಎಂದು ಅವನು ಹೇಳಿದ.

ಆ ಸಂಚಾರ ನಿಂತದ್ದು ನನ್ನ ಬುದ್ಧಿಯಿಂದಲ್ಲ. ಕಾಲುವೆಯಿಂದ ಎಮ್ಮೆಯನ್ನು ಎಬ್ಬಿಸಲು ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆದೆ. ಕುರಿಗೆ ಯಾರೂ ಹಗ್ಗ ಹಾಕುವುದಿಲ್ಲ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಎಂಬುದು ನನಗೆ ಗೊತ್ತಿರಲಿಲ್ಲ. ಎಮ್ಮೆ ಎದ್ದಿತು, ಆದರೆ ಆಚೆ ದಡಕ್ಕೆ. ನಾನು ಕಂಬಳಿ, ರೊಟ್ಟಿ ಸಮೇತ ಅದರ ಹಿಂದೆ ನೀರಲ್ಲಿ ಹೋದೆ. ಸಣ್ಣ ಸೇತುವೆಯ ಮೇಲೆ ಆಟೋ ನಿಲ್ಲಿಸಿ ಜನ ನೋಡಿದರು. ಕಾಲು ಉಳುಕಿ ಊದಿಕೊಂಡಿತು. ಮನೆಯಲ್ಲಿ, ಎಮ್ಮೆಯ ಮೈ ತೊಳೆಯಲು ಇಳಿದಿದ್ದೆ ಎಂದೆ.

ಬೇವಿನ ಕೆಳಗೆ ಹೊರಸಿನ ಮೇಲೆ ಮಲಗಿದೆ. ನಾನು ನಡೆಯುವಂತಿಲ್ಲ, ಆದ್ದರಿಂದ ಎಮ್ಮೆಗಳೂ ನಡೆಯಲಿಲ್ಲ. ನನ್ನ ಹೆಂಡತಿ ತನ್ನ ಅಣ್ಣನ ಹೊಲದಿಂದ ಒಂದು ಟ್ರಾಕ್ಟರು ಜೋಳದ ಸೊಪ್ಪೆ ತರಿಸಿದಳು. ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ಕುಡುಗೋಲು ಹಿಡಿದು ಹುಲ್ಲು ಕೊಯ್ದು ಹೊರೆ ತಂದಳು. ಹತ್ತಿಕಾಳಿನ ಹಿಂಡಿ ನೆನೆಹಾಕಿ, ಬೂಸಾ ಕಲಸಿ ಇಟ್ಟಳು. ಬಿಸಿಲೇರಿದಾಗ ಕೊಡಗಟ್ಟಲೆ ನೀರು ಸುರಿದಳು. ಹತ್ತಿ ಬಿಡಿಸಿದ ಕೂಲಿ, ಸಂಘದ ಉಳಿತಾಯ ಎರಡೂ ಆ ಹಿಂಡಿಗೆ ಹೋದವು ಎಂಬುದು ನನಗೆ ಆಮೇಲೆ ತಿಳಿಯಿತು. ಕಟ್ಟಿದ ಜಾಗದಲ್ಲಿ ನಿಂತು ಎಮ್ಮೆಗಳು ಮೆಲುಕು ಹಾಕುತ್ತಿದ್ದವು, ನಾನು ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ. ಕ್ಯಾನು ಮತ್ತೆ ಹೊಟ್ಟೆಗೆ ಬಂತು, ಕುತ್ತಿಗೆಗೆ ಬಂತು.

ಅಷ್ಟು ದಿನ ನಡೆಸಿದ್ದು ಈಗ ಮೈಗೆ ಹತ್ತಿತು ನೋಡು ಎಂದೆ. ಅವಳು ಹುಲ್ಲಿನ ಹೊರೆ ಇಳಿಸಿ, ಅದರ ಮೇಲೇ ಕೂತು ನಕ್ಕಳು.

ಆಫೀಸರು ಬಂದಾಗ ನಾನು ಕುಂಟುತ್ತಿದ್ದೆ. ಅವರು ಕರೆಯುವುದನ್ನು ಕಣ್ಣಾರೆ ನೋಡಿದರು, ಅಳೆದು ನೋಡಿದರು, ನನ್ನ ಕಾಗದ ತೆಗೆದು ಸೊನ್ನೆಯನ್ನೂ ನೋಡಿದರು. ಖರ್ಚಿಲ್ಲದೆ ಇಷ್ಟು ಹಾಲೇ ಎಂದು ಬೆರಗಾದರು. ಗದ್ವಾಲ, ನಾರಾಯಣಪೇಟೆಯ ಸಂಘಗಳವರನ್ನು ಜೀಪಿನಲ್ಲಿ ಕರೆತರುತ್ತೇನೆ, ನೀನು ನಿಂತು ಹೇಳಿಕೊಡಬೇಕು, ಮುಂದಿನ ಎರಡು ಎಮ್ಮೆಯ ಲೆಕ್ಕವೂ ಹೀಗೇ ಇರಲಿ ಎಂದರು. ನಾನು ಬೇಡ ಎನ್ನಬೇಕಿತ್ತು. ಟವೆಲು ಸರಿಮಾಡಿಕೊಂಡು, ಯಾವತ್ತು ಕರೆತರುತ್ತೀರಿ ಸಾರ್ ಎಂದು ಕೇಳಿದೆ.

ನನ್ನ ಹೆಂಡತಿ ಹಾಲಿನ ತಂಬಿಗೆಯನ್ನು ಕೆಳಗಿಟ್ಟಳು. “ಸಾರ್, ಆ ಸೊನ್ನಿ ಇವರದು. ಖರ್ಚು ನಂದು.”

ಸೊಪ್ಪೆಗೆ ಎಷ್ಟು, ಹಿಂಡಿಗೆ ಎಷ್ಟು ಎಂದು ನಿಂತಲ್ಲೇ ಬಾಯಿಲೆಕ್ಕ ಒಪ್ಪಿಸಿದಳು. ನಾನು ಕೊಟ್ಟಿಗೆಗೆ ಕಟ್ಟಿದ ಚಪ್ಪಲಿಯನ್ನೇ ನೋಡುತ್ತ ನಿಂತೆ. ಆಫೀಸರು ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊಂಡು ತಂದ ಮೇವಿನಿಂದ ನಾಲ್ಕು ಎಮ್ಮೆ ನಿಲ್ಲುವುದಿಲ್ಲ, ಬೋರಿನ ಕೆಳಗೆ ನಿಮ್ಮದೇ ಅರ್ಧ ಎಕರೆ ಹುಲ್ಲು ನಿಂತದ್ದನ್ನು ನೋಡಿದ ಮೇಲೆಯೇ ಉಳಿದ ದುಡ್ಡು ಎಂದು ಹೇಳಿ ಹೋದರು.

ಬೋರಿನ ನೀರು ಹಾಯುವ ನಮ್ಮ ತುಂಡು ಹೊಲದಲ್ಲಿ ಇದ್ದದ್ದು ನನ್ನ ಶೇಂಗಾ, ಹೂ ಬಿಟ್ಟ ಶೇಂಗಾ. ಅದನ್ನು ಕಿತ್ತು ಹುಲ್ಲು ಹಚ್ಚುವುದು! ಬೆಳೆ ತೆಗೆದು ಕಳೆ ಬಿತ್ತಿದ ಹಾಗೆ. ಹುಲ್ಲು ಇರುವಲ್ಲಿಗೆ ಹೋಗುವವನು ಕುರುಬ, ಹುಲ್ಲಿಗೆ ಪಾತಿ ಮಾಡುವವನಲ್ಲ ಎಂದು ಮನೆಯಲ್ಲಿ ಭಾಷಣ ಮಾಡಿದೆ. ಆ ಸಂಜೆಯೇ ಸಾಹುಕಾರರ ಫೋನು ಮತ್ತೆ ಬಂತು. ಅಮಾವಾಸ್ಯೆ ಕಳೆದು ಕುರಿ ಹೊರಡುತ್ತವೆ, ಬರುತ್ತೀಯಾ ಎಂದು. ಹೇಳಿ ಕಳಿಸುತ್ತೇನೆ ಎಂದೆ. ನನ್ನ ಹೆಂಡತಿ ಕೇಳಿಸಿಕೊಂಡಳು.

“ಹೋಗೋದಾದ್ರ ಹೋಗ್ರಿ,” ಎಂದಳು. “ಇರೋ ಎರಡು ಎಮ್ಮಿ ನಾ ನೋಡ್ಕೋತೀನಿ. ಆದ್ರ ಈ ಸಲ ಹುಡುಗರಿಗೆ ನೀವ ಹೇಳಿ ಹೋಗ್ರಿ. ನಾ ಹೇಳಾಂಗಿಲ್ಲ.”

ಹುಡುಗರು ಒಳಗೆ ಉಣ್ಣುತ್ತಿದ್ದರು. ಬಾಗಿಲವರೆಗೆ ಹೋದೆ. ಚಿಕ್ಕವಳು ತನ್ನ ತಟ್ಟೆ ಸರಿಸಿ ನನಗೆ ಕೂರಲು ಜಾಗ ಮಾಡಿದಳು. ಕೂತು ಉಂಡೆ.

ಬೆಳಿಗ್ಗೆ ಶೇಂಗಾ ಕಿತ್ತೆ. ಆ ಬಳ್ಳಿಯನ್ನು ಎಮ್ಮೆಗಳು ತಿಂದ ಖುಷಿಯನ್ನು ನೋಡಿದ್ದರೆ ಯಾರಿಗಾದರೂ ಸಿಟ್ಟು ಬರುತ್ತಿತ್ತು. ನೇಪಿಯರ್ ಹುಲ್ಲಿನ ತುಂಡು ತಂದು ಸಾಲು ಹಿಡಿದು ನೆಟ್ಟೆ, ಗೊಬ್ಬರ ಹಾಕಿದೆ, ನೀರು ಬಿಟ್ಟೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, ಹುಲ್ಲಿಗೆ ನೀರು ಕಟ್ಟುತ್ತಿದ್ದೇನೆಯೇ ಎಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ಮೊದಲು ಅವರಿಗೆ ಕಬ್ಬು ಎಂದೆ. ಹುಲ್ಲು ಸೊಂಟಕ್ಕೆ ಬಂದ ಮೇಲೆ ಹುಲ್ಲು ಎಂದೆ.

ಅಪ್ಪ ಒಂದು ದಿನ ಬದುವಿಗೆ ಬಂದು ನಿಂತ. “ನಮ್ಮಪ್ಪ ಹುಲ್ಲು ಹುಡುಕ್ಕೊಂಡು ಕೃಷ್ಣಿ ದಾಟಿದ. ನೀ ಹುಲ್ಲನ್ನ ಮನಿಗೇ ಕರಕೊಂಡ್ ಬಂದಿ.” ಇದು ಹೊಗಳಿಕೆಯೋ ಚುಚ್ಚುಮಾತೋ ಎಂದು ಕೇಳಿದೆ. ಅವನು ತಂಬಾಕು ಕೇಳಿದ.

ಆಫೀಸರು ಬಂದು ಹುಲ್ಲಿನೊಳಗೆ ಹೊಕ್ಕು ಹೊರಬಂದು ಕಾಗದಕ್ಕೆ ರುಜು ಹಾಕಿದರು. ನಾನು ಸಾಹುಕಾರರಿಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಎರಡನೆಯ ಜೋಡಿಯನ್ನು ಮಲ್ದಕಲ್ಲಿನಿಂದ ತಂದೆವು. ಆ ದಿನ ನಾನು ಯಾವ ಎಮ್ಮೆಯ ಸೊಂಟವನ್ನೂ ಮುಟ್ಟಲಿಲ್ಲ, ಟೆಂಪೋದವನ ಜೊತೆ ಬಾಡಿಗೆ ಮಾತಾಡಿದೆ. ಅದರಲ್ಲಿ ಸ್ವಲ್ಪ ಉಳಿಸಿದೆ ಕೂಡ.

ಈಗ ಇರುವುದು ಇಷ್ಟು. ಎಮ್ಮೆ ನಾಲ್ಕು, ಮೂರು ಕರೆಯುತ್ತವೆ, ಒಂದು ಗಬ್ಬ. ಹೆಣ್ಣುಗರು ಎರಡು, ಗಂಡುಗರು ಒಂದು. ತಗಡಿನ ಕೊಟ್ಟಿಗೆ ಒಂದು. ಮೇವು ಕತ್ತರಿಸುವ ಯಂತ್ರ ಒಂದು, ಹೆಂಡತಿಯ ಹೆಸರಿನಲ್ಲಿ. ಹುಲ್ಲು ಅರ್ಧ ಎಕರೆ. ಅಪ್ಪನ ಕುರಿ ಹನ್ನೊಂದು.